ಬ್ರೇಕು ಕುಡಿದ ಮಳೆ

ಮಳೆಗಾಲ ಕಾಲಿಟ್ಟ ವಾರದೊಳಗೆ ಉತ್ತರ ಕನ್ನಡದ ಜೋಯಿಡಾ ಕಡೆಯ ಅಡುಗೆಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ. ಭರಣಿಯ ಬಾಯಿ ಎಷ್ಟೇ ಬಿಗಿದಿಟ್ಟರೂ ತಳದಲ್ಲಿ ಪಸೆ. ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಹೊತ್ತುವುದಿಲ್ಲ. ಇದೆಲ್ಲ ಮನೆಮಂದಿಗೆ ಗೊತ್ತಿರುವ ಸಂಗತಿ, ಅದಕ್ಕೆ ತಕ್ಕ ಉಪಾಯವನ್ನೂ ಮಾಡಿಕೊಂಡಿರುತ್ತಾರೆ. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತ ಬೈಕಿನ ಹ್ಯಾಂಡಲ್ ಪಕ್ಕದ ಪುಟ್ಟ ಡಬ್ಬಿಯಲ್ಲಿ, ಜೀಪಿನ ಬಾನೆಟ್ಟಿನೊಳಗೆ, ಊರಾಚೆಯ ರೆಸಾರ್ಟಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತ ಎಟಿವಿ ಗಾಡಿಗಳಲ್ಲಿ ಇದೇ ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಬ್ರೇಕ್ ಆಯಿಲ್ ಉಪ್ಪಿನ ಗುಣದ್ದು. ಹೆಸರಿಗೆ ಎಣ್ಣೆ, ಅಡುಗೆ ಎಣ್ಣೆಯ ಹಾಗೆ ನೀರನ್ನು ದೂರ ತಳ್ಳುವ ಜಾತಿಯಲ್ಲ. ಗಾಳಿಯ ತೇವವನ್ನು ಎಳೆದು ತನ್ನೊಳಗೇ ಕರಗಿಸಿಕೊಳ್ಳುವ ಗ್ಲೈಕಾಲ್ ವರ್ಗದ ದ್ರವ. ಮುಚ್ಚಳದ ಉಸಿರುಗಂಡಿಯಿಂದ, ರಬ್ಬರ್ ಪೈಪಿನ ಮೈಯಿಂದ, ಪ್ರತಿ ಸಲ ಮುಚ್ಚಳ ತೆಗೆದಾಗ, ತೇವ ಇಷ್ಟಿಷ್ಟೇ ಒಳಗೆ ಇಳಿಯುತ್ತದೆ. ಬ್ರೇಕು ಮೆತ್ತಗಾಯಿತೆಂದು ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಹೇಳುವುದು ಒಂದೇ ಮಾತು: ಏರ್ ಹಿಡಿದಿದೆ, ಏರ್ ತೆಗೆಯಬೇಕು. ಇಂಗ್ಲಿಷಿನಲ್ಲಿ ಬ್ಲೀಡಿಂಗ್ ಎನ್ನುವ ಕೆಲಸಕ್ಕೆ ನಮ್ಮ ಗ್ಯಾರೇಜುಗಳು ಕೊಟ್ಟ ಹೆಸರು ಅದು. ಈ ಹೆಸರೇ ಅರ್ಧ ತೊಂದರೆ ಎನ್ನುವುದು ನನ್ನ ವಾದ. ಗಾಳಿ ಹೊಕ್ಕರೆ ಬ್ರೇಕು ತಾನೇ ಹೇಳುತ್ತದೆ, ನೀರು ಹೊಕ್ಕರೆ ಹೇಳುವುದಿಲ್ಲ. ದಾಂಡೇಲಿ, ಜೋಯಿಡಾದಂಥ ಸೀಮೆಯಲ್ಲಿ ತೆಗೆಯಬೇಕಾದದ್ದು ಮುಖ್ಯವಾಗಿ ನೀರು, ತೆಗೆಯುವ ಹೊತ್ತನ್ನು ಹೇಳಬೇಕಾದದ್ದು ಕಿಲೋಮೀಟರ್ ಮೀಟರಲ್ಲ, ಪಂಚಾಂಗ.

ಗಾಳಿಯ ವಿಚಾರ ಮೊದಲು ಮುಗಿಸೋಣ, ಅದು ಸುಲಭದ್ದು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟ. ಗಾಡಿಯ ಬ್ರೇಕಿಗೆ ಅದು ಇಳಿದು ಬರಲು ಬಹಳ ಕಾಲ ಬೇಕಾಯಿತು; 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕು ಹಾಕಿಕೊಂಡು ಬಂತು. ಲಿವರ್ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಆ ಒತ್ತಡ ಪೈಪಿನ ಮೂಲಕ ಚಕ್ರದ ಬಳಿಯ ಕ್ಯಾಲಿಪರ್ ತಲುಪುತ್ತದೆ, ಅಲ್ಲಿನ ದೊಡ್ಡ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ ಎನ್ನುವುದೇ ಇಡೀ ಏರ್ಪಾಡಿನ ಬಂಡವಾಳ. ಆದರೆ ಇಲ್ಲಿ ಎಷ್ಟು ಎಣ್ಣೆ ಓಡಾಡುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಬೈಕಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸುಮಾರು 12 ಮಿಲಿಮೀಟರ್ ಅಗಲದ್ದು, ಅದು ಒಳಗೆ ಸರಿಯುವುದು 10 ಮಿಲಿಮೀಟರ್ ಎಂದು ಹಿಡಿಯಿರಿ. ಪೂರ್ತಿ ಲಿವರ್ ಎಳೆದರೂ ಸರಿಯುವ ಎಣ್ಣೆ ಒಂದು ಮಿಲಿಲೀಟರಿಗಿಂತ ಚೂರು ಹೆಚ್ಚು. ಚಹಾ ಚಮಚದ ಕಾಲು ಭಾಗವೂ ಅಲ್ಲ. ಇಷ್ಟರಲ್ಲಿ ಒಂದು ಕಡಲೆಕಾಳಿನ ಗಾತ್ರದ ಗಾಳಿಗುಳ್ಳೆ ಕೂತಿದ್ದರೆ ಲಿವರಿನ ಕಾಲು ಭಾಗದ ಎಳೆತವನ್ನು ಅದೇ ನುಂಗುತ್ತದೆ. ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಎರಡು ಮೂರು ಸಲ ಬಡಿದರೆ ಗಟ್ಟಿಯಾಗುತ್ತದೆ. ಓಡಿಸುವವನ ಬೆರಳಿಗೇ ಇದು ತಿಳಿಯುತ್ತದೆ. ಗಾಳಿ ಬೊಬ್ಬೆ ಹೊಡೆದು ಬರುವ ಕಳ್ಳ.

ನೀರು ಹಾಗಲ್ಲ. ಎಣ್ಣೆಯಲ್ಲಿ ಕರಗಿದ ನೀರು ಕೂಡ ದ್ರವವೇ, ಅದೂ ಕುಗ್ಗುವುದಿಲ್ಲ. ತಣ್ಣಗಿರುವಾಗ ಲಿವರ್ ಗಟ್ಟಿಯಾಗಿ, ಹೊಸ ಗಾಡಿಯಷ್ಟೇ ಠಾಕುಠೀಕಾಗಿ ನಿಲ್ಲುತ್ತದೆ. ಬಣ್ಣ ತಿರುಗಿ ಕಪ್ಪು ಚಹಾದಂತಾದರೆ ಎಣ್ಣೆ ಹಳೆಯದಾಗಿದೆ ಎನ್ನಬಹುದು, ಆದರೆ ಜೇನುಬಣ್ಣದ ಎಣ್ಣೆಯಲ್ಲಿ ನೀರಿಲ್ಲ ಎಂದು ಪ್ರಮಾಣ ಮಾಡಲಾಗದು. ವ್ಯತ್ಯಾಸ ಕಾಣುವುದು ಬಿಸಿಯಾದಾಗ. ಬಾಟಲಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದಲ್ಲ, ಅದು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡ. ಡಾಟ್ 3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಎಣ್ಣೆ 230ರವರೆಗೆ. ಇದೇ ಮಾನದಂಡದಲ್ಲಿ ಇನ್ನೊಂದು ಜೋಡಿ ಅಂಕಿಯಿದೆ: ಎಣ್ಣೆ ಶೇ. 3.7ರಷ್ಟು ನೀರು ಕುಡಿದ ಮೇಲಿನ ಲೆಕ್ಕ. ಆಗ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ನೂರು ಪಾಲಿನಲ್ಲಿ ನಾಲ್ಕು ಪಾಲೂ ತುಂಬದಷ್ಟು ನೀರು 65ರಿಂದ 75 ಡಿಗ್ರಿಯ ಭದ್ರತೆಯನ್ನು ತಿಂದು ಹಾಕುತ್ತದೆ. ಮಾನದಂಡ ಬರೆದವರೇ ಒದ್ದೆ ಎಣ್ಣೆಗೆ ಬೇರೆ ಅಂಕಿ ಕೊಟ್ಟಿದ್ದಾರೆ ಎಂದರೆ, ಇದು ನೀರು ಕುಡಿದೇ ಕುಡಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡ ಹಾಗೆ.

155 ಡಿಗ್ರಿ ಕಡಿಮೆಯೇನಲ್ಲವಲ್ಲ ಎನ್ನಬಹುದು. ಜೋಯಿಡಾದಿಂದ ಅಣಶಿ ದಾಟಿ ಕದ್ರಾದ ಕಡೆಗೆ ಇಳಿಯುವ ಗಾಡಿಯನ್ನು ನೆನೆಸಿಕೊಳ್ಳಿ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಜೀಪು 500 ಮೀಟರ್ ಎತ್ತರದಿಂದ ಇಳಿಯಿತು ಎಂದಿಟ್ಟುಕೊಂಡರೆ ಅದು ಕಳೆದುಕೊಳ್ಳುವ ಶಕ್ತಿ 98 ಲಕ್ಷ ಜೂಲ್. ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಗೇರಿನಲ್ಲಿಳಿಸಿ ಅರ್ಧವನ್ನು ಎಂಜಿನ್ನಿಗೆ ಹೊರಿಸಿದರೂ ಉಳಿದರ್ಧ ಬ್ರೇಕಿನ ಪಾಲು. ಆ ಬಿಸಿಯಲ್ಲಿ ಒಂದು ಕೊಡ, ಅಂದರೆ ಸುಮಾರು 15 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಅಷ್ಟೂ ಬಿಸಿ ಊಟದ ತಟ್ಟೆಯಗಲದ ಕೆಲವು ಕಬ್ಬಿಣದ ತುಂಡುಗಳಲ್ಲಿ ಹುಟ್ಟಿ, ಗಾಳಿಗೆ ಆರುತ್ತ, ಆರದೆ ಉಳಿದದ್ದು ಪ್ಯಾಡು ದಾಟಿ, ಪಿಸ್ಟನ್ ದಾಟಿ ಎಣ್ಣೆಗೆ ತಲುಪುತ್ತದೆ. ನೀರು ಆವಿಯಾದರೆ ಬಯಲಿನ ಒತ್ತಡದಲ್ಲಿ ಸುಮಾರು 1,600 ಪಟ್ಟು ಉಬ್ಬುತ್ತದೆ. ಒಂದೇ ಹನಿ ನೀರಿನ ಆವಿ ಸಣ್ಣ ಚಹಾ ಗ್ಲಾಸು ತುಂಬುತ್ತದೆ. ಬೈಕಿನ ಇಡೀ ಲಿವರಿನ ಸಾಮರ್ಥ್ಯ ಒಂದು ಮಿಲಿಲೀಟರ್ ಎಂದ ಲೆಕ್ಕ ನೆನಪಿದೆಯಲ್ಲ? ಜೀಪಿನ ಪೆಡಲು ಅದಕ್ಕಿಂತ ಹೆಚ್ಚು ತಳ್ಳಿದರೂ ಇಷ್ಟು ಆವಿಯ ಮುಂದೆ ಅದು ಸಾಲದು. ಘಟ್ಟದ ಕೊನೆಯ ತಿರುವುಗಳಲ್ಲಿ ಪೆಡಲು ನೆಲ ಮುಟ್ಟುವುದು ಹೀಗೆ. ಗಾಡಿ ಹೇಗೋ ನಿಂತು, ಅರ್ಧ ಗಂಟೆ ಆರಿದ ಮೇಲೆ ಆವಿ ಮತ್ತೆ ನೀರಾಗಿ ಎಣ್ಣೆಯಲ್ಲಿ ಕರಗುತ್ತದೆ, ಪೆಡಲು ಮೊದಲಿನಂತೆ ಗಟ್ಟಿ. ಪರೀಕ್ಷಿಸಿದವನಿಗೆ ಏನೂ ಸಿಗದೆ, ತಪ್ಪು ಡ್ರೈವರನ ತಲೆಗೆ ಕಟ್ಟುತ್ತದೆ.

ಈಗ ಎಟಿವಿ. ಬಲೂನಿನಂಥ ನಾಲ್ಕು ಟಯರು, ಬೈಕಿನ ಹ್ಯಾಂಡಲ್, ಕುದುರೆಯ ಹಾಗೆ ಕಾಲು ಹಾಕಿ ಕೂರುವ ಸೀಟು. 1970ರಲ್ಲಿ ಹೋಂಡಾ ಕಂಪನಿ ಇದನ್ನು ಮೂರು ಚಕ್ರದ ಗಾಡಿಯಾಗಿ ಅಮೆರಿಕದಲ್ಲಿ ಮಾರಿತು, ನಾಲ್ಕನೆಯ ಚಕ್ರವನ್ನು 1983ರ ಮಾದರಿಯಲ್ಲಿ ಸುಜುಕಿ ತಂದಿತು, ಮಗುಚಿ ಬೀಳುವ ಮೂರು ಚಕ್ರದವುಗಳ ಮಾರಾಟ ಅಲ್ಲಿ 1988ರಲ್ಲಿ ನಿಂತಿತು. ಕಾಳಿ ನದಿಯ ರಾಫ್ಟಿಂಗ್ ಜೊತೆಗೆ ದಾಂಡೇಲಿ, ಗಣೇಶಗುಡಿ ಸುತ್ತಿನ ತಂಗುದಾಣಗಳಿಗೆ ಬರುವವರಿಗೆ ಇದೂ ಒಂದು ಆಟ. ಓಡಿಸುವವರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಮೊದಲ ಸಲ ಹತ್ತಿದವರು ಎನ್ನುವುದನ್ನು ಮರೆಯಬಾರದು. ಈ ಗಾಡಿಯಲ್ಲಿ ಮುಂದಿನ ಬ್ರೇಕಿಗೆ ಬೈಕಿಗಿಂತ ಹೆಚ್ಚಿನ ಹೊಣೆಯಿದೆ. ಬಹಳಷ್ಟು ಸಣ್ಣ ಎಟಿವಿಗಳಲ್ಲಿ ಗೇರಿಲ್ಲ; ಎಂಜಿನ್ನಿನ ಸುತ್ತು ಇಳಿದ ಕೂಡಲೇ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಅಂದರೆ ಇಳಿಜಾರಿನಲ್ಲಿ ನಿಧಾನವಾದಾಗ ಎಂಜಿನ್ ಹಿಡಿಯುವುದಿಲ್ಲ, ಗಾಡಿ ಕೈಬಿಟ್ಟ ಬಂಡಿಯಂತೆ ಉರುಳುತ್ತದೆ. ತೂಕವೆಲ್ಲ ಮುಂದಕ್ಕೆ ವಾಲಿರುವಾಗ ಹಿಂದಿನ ಬ್ರೇಕು ಹಿಡಿದರೆ ಒಂದೇ ಅಚ್ಚಿನ ಎರಡೂ ಚಕ್ರ ಒಟ್ಟಿಗೆ ನಿಂತು ಕೆಸರಿನಲ್ಲಿ ಜಾರುತ್ತವೆ. ಇನ್ನು ಮುಂದಿನ ಎರಡು ಚಕ್ರಗಳಲ್ಲಿ ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡ ಹಾಗೆ ಒಂದು ಕಡೆ ತಿರುಗುತ್ತದೆ. ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಗಾಡಿ ಮಗುಚಲು ಅಷ್ಟು ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಬೇಲಿ ಹಾಕಿದ ಜಾಗದಲ್ಲಿ ಹತ್ತು ನಿಮಿಷ ಸುತ್ತುವ ಗಾಡಿಯಲ್ಲಿ 155 ಡಿಗ್ರಿ ಎಲ್ಲಿಂದ ಬರಬೇಕು? ಸರಿ, ಸಾಮಾನ್ಯವಾಗಿ ಬರುವುದಿಲ್ಲ. ಘಟ್ಟದ ಜೀಪಿನ ವಾದವನ್ನು ಎಟಿವಿಗೆ ಹಾಗೇ ಹಚ್ಚಿದರೆ ಅದು ಮೋಸದ ವಾದ. ಎಟಿವಿಯಲ್ಲಿ ನೀರು ಬೇರೆ ದಾರಿ ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ರವಾಸಿಗರು ಕಡಿಮೆ, ಗಾಡಿ ನಿಂತೇ ಇರುತ್ತದೆ. ಓಡದ ಗಾಡಿಯ ಎಣ್ಣೆ ಅಲುಗಾಡುವುದಿಲ್ಲ, ಕ್ಯಾಲಿಪರಿನ ಒಳಗೆ ಒದ್ದೆ ಎಣ್ಣೆ ಹಾಗೇ ಕೂತಿರುತ್ತದೆ. ಅಲ್ಲಿ ಪಿಸ್ಟನ್ನಿನ ಮೈಗೆ ತುಕ್ಕು ಚುಕ್ಕೆಯಾಗಿ ಏಳುತ್ತದೆ. ಸಾಸಿವೆಯಷ್ಟು ತುಕ್ಕು ಸಾಕು, ಪಿಸ್ಟನ್ ಸರಾಗವಾಗಿ ಹಿಂದೆ ಸರಿಯುವುದಿಲ್ಲ. ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಉಜ್ಜುತ್ತದೆ, ಅದೂ ಎಡಬಲದಲ್ಲಿ ಒಂದೇ ಕಡೆ. ಹೊಸಬರು ಹೆದರಿಕೆಗೆ ಬ್ರೇಕು ಹಿಡಿದುಕೊಂಡೇ ಆಕ್ಸಿಲರೇಟರ್ ಒತ್ತುವುದನ್ನೂ ಇದಕ್ಕೆ ಸೇರಿಸಿದರೆ ನಿಧಾನದ ಗಾಡಿಯಲ್ಲೂ ಬಿಸಿಗೆ ಬರವಿಲ್ಲ. ಹಾಗಾಗಿ ಕಡಿಮೆ ಓಡಿದ ಗಾಡಿಗೆ ಕಡಿಮೆ ಸರ್ವಿಸ್ ಸಾಕು ಎಂಬ ಲೆಕ್ಕ ಬ್ರೇಕಿನ ಮಟ್ಟಿಗೆ ತಲೆಕೆಳಗು. ಮೀಟರ್ ನಿಂತಿದ್ದರೂ ಎಣ್ಣೆ ಕುಡಿಯುತ್ತಲೇ ಇರುತ್ತದೆ.

ಕೆಲಸವನ್ನು ಹತ್ತಿರದಿಂದ ನೋಡಿದರೆ ಗಾಳಿ ತೆಗೆಯುವುದಕ್ಕೂ ಎಣ್ಣೆ ಬದಲಿಸುವುದಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ. ಕ್ಯಾಲಿಪರಿನ ಮೇಲೆ ಒಂದು ನಿಪ್ಪಲ್, ಅದಕ್ಕೊಂದು ರಬ್ಬರ್ ಟೋಪಿ. ಟೋಪಿ ತೆಗೆದು, ಸುತ್ತಲ ಮಣ್ಣು ಒರೆಸಿ, ಎಂಟರ ಪಾನಾ ಕೂರಿಸಿ, ನಿಪ್ಪಲ್ಲಿಗೆ ಪಾರದರ್ಶಕ ಪೈಪು ಚುಚ್ಚಿ, ಪೈಪಿನ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಎಣ್ಣೆ ಹಾಕಿದ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಬ್ಬ ಲಿವರನ್ನು ನಿಧಾನಕ್ಕೆ ಮೂರು ನಾಲ್ಕು ಸಲ ಒತ್ತಿ ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ನಿಪ್ಪಲ್ಲನ್ನು ಕಾಲು ಸುತ್ತು ಬಿಡುತ್ತಾನೆ. ಪೈಪಿನಲ್ಲಿ ಗುಳ್ಳೆ ಓಡುತ್ತದೆ, ಲಿವರ್ ಹ್ಯಾಂಡಲಿಗೆ ತಾಗುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ಲಿವರ್ ಬಿಡಬೇಕು, ಮೊದಲೇ ಬಿಟ್ಟರೆ ಗಾಳಿಯನ್ನು ಒಳಗೆಳೆದುಕೊಂಡ ಹಾಗೆ. ಮೇಲಿನ ಡಬ್ಬಿ ಒಣಗದಂತೆ ನಡುನಡುವೆ ಎಣ್ಣೆ ಸುರಿಯುತ್ತಿರಬೇಕು. ಎಟಿವಿಯ ಮುಂದೆ ಎರಡು ಕ್ಯಾಲಿಪರ್ ಇರುವುದರಿಂದ ಪೈಪು ಉದ್ದವಿರುವ ಕಡೆ ಮೊದಲು, ಆಮೇಲೆ ಇನ್ನೊಂದು. ಗುಳ್ಳೆ ನಿಂತ ಕೂಡಲೇ ಕೈ ತೊಳೆದರೆ ಅದು ಏರ್ ತೆಗೆದಂತಾಯಿತು. ಪೈಪಿನಲ್ಲಿ ಕಪ್ಪು ಹೋಗಿ ತಿಳಿ ಬರುವವರೆಗೆ ಬಿಡದೆ ನಡೆಸಿದರೆ ಮಾತ್ರ ನೀರು ಹೊರಗೆ ಹೋಗಿದೆ ಎನ್ನಬಹುದು. ಎರಡಕ್ಕೂ ನಡುವೆ ಹತ್ತು ಹದಿನೈದು ನಿಮಿಷ ಮತ್ತು ಅರ್ಧ ಬಾಟಲಿ ಎಣ್ಣೆಯ ವ್ಯತ್ಯಾಸ.

ಎಷ್ಟು ಒತ್ತಿದರೂ ಲಿವರ್ ಗಟ್ಟಿಯಾಗದ ಗಾಡಿಗಳೂ ಇರುತ್ತವೆ, ಅದಕ್ಕೆ ಎಟಿವಿಯಲ್ಲಿ ಒಂದು ತಮಾಷೆಯ ಕಾರಣವಿದೆ. ಎಡ ಬಲದ ಕ್ಯಾಲಿಪರುಗಳು ನೋಡಲು ಅವಳಿಜವಳಿ. ಬಿಚ್ಚಿ ಜೋಡಿಸುವಾಗ ಅದಲುಬದಲಾದರೂ ಬೋಲ್ಟು ಕೂರುತ್ತದೆ, ಚಕ್ರ ತಿರುಗುತ್ತದೆ, ಆದರೆ ಮೇಲಿರಬೇಕಾದ ನಿಪ್ಪಲ್ ಕೆಳಗೆ ಬಂದಿರುತ್ತದೆ. ಗಾಳಿ ಮೇಲೇರಿ ಕ್ಯಾಲಿಪರಿನ ನೆತ್ತಿಯಲ್ಲಿ ಕೂರುತ್ತದೆ, ಎಣ್ಣೆ ಮಾತ್ರ ಕೆಳಗಿನಿಂದ ಹೋಗುತ್ತಿರುತ್ತದೆ. ದಿನವಿಡೀ ಒತ್ತಿದರೂ ಅಷ್ಟೇ. ಹಾಗೆಯೇ ಹ್ಯಾಂಡಲ್ ಬಳಿ ಪೈಪು ಮಾಸ್ಟರ್ ಸಿಲಿಂಡರಿಗೆ ಸೇರುವ ಜಾಗ ಎತ್ತರದಲ್ಲಿದ್ದರೆ ಅಲ್ಲಿಯೂ ಒಂದು ಗುಳ್ಳೆ ಅಡಗುತ್ತದೆ. ಹ್ಯಾಂಡಲ್ ತಿರುಗಿಸಿ ಡಬ್ಬಿಯನ್ನು ಎತ್ತರಕ್ಕೆ ತಂದರೆ ಅದು ತಾನೇ ಮೇಲೆ ಬರುತ್ತದೆ. ಲಿವರನ್ನು ಹಳೆ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ರಾತ್ರಿಯಿಡೀ ಬಿಡುವ ಉಪಾಯ ಬಹಳ ಮಿಸ್ತ್ರಿಗಳ ಕೈಯಲ್ಲಿದೆ, ಬೆಳಿಗ್ಗೆ ಲಿವರ್ ಗಟ್ಟಿಯಾಗಿರುವುದೂ ಉಂಟು. ಅದನ್ನು ಹಳಿಯುವ ಕಾರಣವಿಲ್ಲ. ಆದರೆ ಅದರಿಂದ ಹೋಗುವುದು ಗುಳ್ಳೆ. ಹನಿ ನೀರೂ ಅದರಿಂದ ಹೊರಬರುವುದಿಲ್ಲ. ಲಿವರ್ ಗಟ್ಟಿಯಾಯಿತು ಎಂಬ ಸಮಾಧಾನದಲ್ಲಿ ಒದ್ದೆ ಎಣ್ಣೆ ಇನ್ನೊಂದು ವರ್ಷ ಉಳಿದುಬಿಡುತ್ತದೆ. ಅರ್ಧ ಬಳಸಿ ಶೆಲ್ಫಿನ ಮೇಲಿಟ್ಟ ಬಾಟಲಿಯದೂ ಇದೇ ಕಥೆ. ಕಳೆದ ಮಳೆಗಾಲಕ್ಕೆ ಮುಂಚೆ ಸೀಲು ಒಡೆದ ಎಣ್ಣೆಯನ್ನು ಹೊಸದೆಂದು ಸುರಿದರೆ ನೀರು ತೆಗೆದು ನೀರು ಹಾಕಿದಂತೆ.

ಇಷ್ಟೆಲ್ಲ ನೋಡಿಕೊಳ್ಳಲು ಸರ್ಕಾರಿ ತಪಾಸಣೆ ಇದೆಯಲ್ಲ ಎಂದು ಕೇಳುವವರಿಗೆ ಉತ್ತರ ಎರಡು ಬಗೆಯದು. ಬಾಡಿಗೆ ಜೀಪು, ಟ್ಯಾಕ್ಸಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿಯ ಯೋಗ್ಯತಾ ಪತ್ರ, ಕಡ್ಡಾಯ. ಆದರೆ ಅಲ್ಲಿ ನೋಡುವುದು ಬ್ರೇಕು ಹಿಡಿಯುತ್ತದೆಯೇ ಎಂದು, ಘಟ್ಟ ಇಳಿದು ಕಾದ ಬ್ರೇಕನ್ನಲ್ಲ. ಒದ್ದೆ ಎಣ್ಣೆಯ ತಣ್ಣನೆಯ ಬ್ರೇಕು ಆ ಪರೀಕ್ಷೆಯಲ್ಲಿ ಹೆಮ್ಮೆಯಿಂದ ಪಾಸಾಗುತ್ತದೆ. ಎಟಿವಿಯ ಸ್ಥಿತಿ ಇನ್ನೂ ವಿಚಿತ್ರ. 1988ರ ಮೋಟಾರು ವಾಹನ ಕಾಯ್ದೆ, ಕಾರ್ಖಾನೆ ಅಥವಾ ಬೇರೆ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಬಗೆಯ ಗಾಡಿಯನ್ನು ಮೋಟಾರು ವಾಹನದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಬೇಲಿಯೊಳಗೆ ಸುತ್ತುವ ಎಟಿವಿಗೆ ನಂಬರ್ ಪ್ಲೇಟಿಲ್ಲ, ಎಫ್‌ಸಿಯೂ ಇಲ್ಲ. ಅದರ ಬ್ರೇಕಿಗೆ ಮಾಲೀಕನ ಶಿಸ್ತೊಂದೇ ಕಾವಲು. ಎಬಿಎಸ್ ಬಂದಿದೆಯಲ್ಲ ಎನ್ನುವುದು ಬೈಕಿನವರ ಮಾತು. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿರುವುದು ನಿಜ. ಆದರೆ ಎಬಿಎಸ್ ಮಾಡುವ ಕೆಲಸ ಇದೇ ಎಣ್ಣೆಯ ಒತ್ತಡವನ್ನು ಬಿಟ್ಟು ಹಿಡಿಯುವುದು. ಎಣ್ಣೆ ಕೆಟ್ಟರೆ ಅದರ ಸಣ್ಣ ಕವಾಟಗಳೇ ಮೊದಲು ಬಳಲುವುದು, ಅವುಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ನೀರೇ ಕುಡಿಯದ ಎಣ್ಣೆ ಹಾಕಬಾರದೇಕೆ? ಇದೆ, ಸಿಲಿಕೋನಿನಿಂದ ಮಾಡಿದ ಡಾಟ್ 5. ಅದು ನೀರನ್ನು ಕರಗಿಸಿಕೊಳ್ಳುವುದಿಲ್ಲ, ಹಾಗೆಂದು ನೀರು ಒಳಬರುವುದು ನಿಲ್ಲುವುದಿಲ್ಲ. ಕರಗದ ನೀರು ತಳಕ್ಕಿಳಿದು ಕ್ಯಾಲಿಪರಿನಲ್ಲಿ ಹನಿಯಾಗಿಯೇ ಕೂರುತ್ತದೆ, ನೂರು ಡಿಗ್ರಿಗೆ ಕುದಿಯಲು ಸಿದ್ಧವಾಗಿ. ಗ್ಲೈಕಾಲ್ ಎಣ್ಣೆಯ ಜೊತೆ ಅದನ್ನು ಬೆರೆಸುವಂತಿಲ್ಲ. ಹೆಸರಿನಲ್ಲಿ ಅದರ ತಮ್ಮನಂತಿರುವ ಡಾಟ್ 5.1 ಮತ್ತೆ ಗ್ಲೈಕಾಲ್ ಜಾತಿಯದು, ಈ ನಾಮಕರಣ ಮಾಡಿದವರಿಗೆ ಏನನ್ನಬೇಕೋ. ಹಳೆಯ ಕಾಲದ ತಂತಿ ಬ್ರೇಕೇ ವಾಸಿಯಿತ್ತು ಎನ್ನುವ ಹಿರಿಯರ ಮಾತಿನಲ್ಲಿ ಹುರುಳಿಲ್ಲದಿಲ್ಲ, ತಂತಿಯೊಳಗೆ ಕುದಿಯಲು ಏನೂ ಇರಲಿಲ್ಲ. ಆದರೆ ಎಡ ಬಲದ ಚಕ್ರಕ್ಕೆ ಸಮನಾದ ಒತ್ತಡ ಹಂಚುವುದು ತಂತಿಗೆ ಎಂದೂ ಒಗ್ಗಲಿಲ್ಲ, ಎಟಿವಿಯಲ್ಲಿ ಬೇಕಾದದ್ದು ಅದೇ.

ಹಾಗಾದರೆ ಯಾವಾಗ? ಹೆಚ್ಚಿನ ತಯಾರಕರ ಕೈಪಿಡಿಗಳು ಎರಡು ವರ್ಷಕ್ಕೊಮ್ಮೆ ಎನ್ನುತ್ತವೆ. ಎಲ್ಲ ಸೀಮೆಗೂ ಒಂದೇ ಅಳತೆ ಹಾಕಬೇಕಿಲ್ಲ. ಹಳಿಯಾಳದ ಕಬ್ಬು, ಗೋವಿನಜೋಳದ ಬಯಲಿನಲ್ಲಿ, ಮುಂಡಗೋಡದ ಗದ್ದೆ ಸೀಮೆಯಲ್ಲಿ ಓಡುವ ಕಾರಿಗೆ ಎರಡು ವರ್ಷ ಸಾಕು. ಅಲ್ಲಿ ಕಾಟ ನೀರಿಗಿಂತ ದೂಳಿನದು, ನಿಪ್ಪಲ್ಲಿನ ಟೋಪಿ ಕಳೆದುಹೋಗಿ ತೂತು ಮಣ್ಣಿನಿಂದ ಮೆತ್ತಿ, ಬಿಚ್ಚಲು ಹೋದರೆ ಕತ್ತು ಮುರಿಯುವುದು ಅಲ್ಲಿನ ಗೋಳು. ಜೋಯಿಡಾ, ಗಣೇಶಗುಡಿ, ಉಳವಿ ದಾರಿಯ ಜೀಪು, ಬೈಕುಗಳಿಗೆ ಮತ್ತು ನಾಲ್ಕು ತಿಂಗಳು ನಿಂತು ಎದ್ದ ಎಟಿವಿಗೆ ವರ್ಷಕ್ಕೊಮ್ಮೆ ಎನ್ನುವುದು ನನ್ನ ತೀರ್ಮಾನ, ಅದೂ ಮಳೆ ಮುಗಿದ ಮೇಲೆ. ಮಳೆಗೆ ಮುಂಚೆ ಬದಲಿಸಿದರೆ ಹೊಸ ಎಣ್ಣೆಯೇ ಆ ವರ್ಷದ ನೀರು ಕುಡಿದು ಪ್ರವಾಸಿಗರ ಕಾಲಕ್ಕೆ ಹಳತಾಗಿರುತ್ತದೆ. ಇದಕ್ಕೆ ಹೊಸ ತಾರೀಖು ಹುಡುಕುವ ಗೋಜಿಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ ಆಯುಧಪೂಜೆ ಬರುತ್ತದೆ, ಎಲ್ಲ ಗಾಡಿಗಳೂ ಹೇಗೂ ಶೆಡ್ಡಿನಿಂದ ಹೊರಬಂದು ಮೈ ತೊಳೆಸಿಕೊಳ್ಳುತ್ತವೆ. ನಿಂಬೆಹಣ್ಣು, ಕುಂಬಳಕಾಯಿ, ಚೆಂಡುಹೂವಿನ ಪಟ್ಟಿಗೆ ಸೀಲು ಒಡೆಯದ ಕಾಲು ಲೀಟರ್ ಡಾಟ್ 4 ಬಾಟಲಿ ಒಂದನ್ನು ಸೇರಿಸಿದರಾಯಿತು. ಒಂದು ಹೊತ್ತಿನ ಮೀನೂಟದ ಖರ್ಚು. ಮುಚ್ಚಳದ ಮೇಲೆ ಡಾಟ್ 3 ಎಂದಿದ್ದರೆ ಅದನ್ನೇ ತರಬಹುದು, ಡಾಟ್ 4 ಹಾಕಿದರೂ ನಷ್ಟವಿಲ್ಲ. ಚೆಲ್ಲಿದ ಹನಿಯನ್ನು ಕೂಡಲೇ ನೀರು ಹಾಕಿ ತೊಳೆಯಬೇಕು, ಇಲ್ಲವಾದರೆ ಟ್ಯಾಂಕಿನ ಬಣ್ಣ ಸುಲಿದು ಬರುತ್ತದೆ.

ಬಾಟಲಿಯಲ್ಲಿ ಉಳಿಯುವ ಆ ಕಪ್ಪು ಚಹಾದ ಬಣ್ಣದ ಎಣ್ಣೆಯನ್ನು ಶೆಡ್ಡಿನ ಹಿಂದಿನ ಚರಂಡಿಗೆ ಸುರಿಯುವುದು ರೂಢಿ. ಎಂಜಿನ್ ಆಯಿಲಾದರೆ ನೀರಿನ ಮೇಲೆ ಬಣ್ಣಬಣ್ಣದ ಪದರವಾಗಿ ತೇಲಿ ಸಿಕ್ಕಿಬೀಳುತ್ತದೆ. ಇದು ನೀರಿನಲ್ಲಿ ಕರಗುವ ಜಾತಿಯಲ್ಲವೇ, ಕಣ್ಣಿಗೆ ಬೀಳದೆ ಹಳ್ಳ ಸೇರಿ, ಹಳ್ಳದಿಂದ ಕಾಳಿಗೆ ಇಳಿಯುತ್ತದೆ. ಗ್ಯಾರೇಜಿನ ಹಳೆ ಎಣ್ಣೆ ಒಯ್ಯುವವರು ಬರುವವರೆಗೆ ಅದನ್ನು ಬೇರೆ ಡಬ್ಬಿಯಲ್ಲಿ ಕಟ್ಟಿಡಬೇಕು, ಎಂಜಿನ್ ಆಯಿಲ್ ಜೊತೆ ಬೆರೆಸದೆ. ಮೇಲೊಂದು ಚೀಟಿಯಲ್ಲಿ ತೆಗೆದ ತಾರೀಖು, ಗಾಡಿಯ ನಂಬರ್, ನಂಬರಿಲ್ಲದ ಎಟಿವಿಯಾದರೆ ಅದರ ಬಣ್ಣ.